ಚಿಕ್ಕಪ್ಪನ ನಲವತ್ತು ದಿನದ ಪಟಪರೀಕ್ಷೆ

ನಮ್ಮ ಚಿಕ್ಕಪ್ಪ ನಲವತ್ತು ದಿನ, ದಿನಾ ಬೆಳಿಗ್ಗೆ ಚಾ ಕುಡಿದಮೇಲೆ, ಬತ್ತಲೆ ಹೆಂಗಸರ ಪಟ ನೋಡಿದರು. ಅದೂ ಪರೋಪಕಾರಕ್ಕಾಗಿ! ನಗಬೇಡಿ. ಹೆಂಡತಿಯ ಎದುರಿಗೇ, ಜಗಲಿಯ ಮೇಲೆ ಮಣೆ ಹಾಕಿ ಕೂತು, ಗಡಿಯಾರ ಇಟ್ಟುಕೊಂಡು ನೋಡಿದರು. ಇಂಥ ಕೆಲಸವನ್ನು ಇಷ್ಟು ಮರ್ಯಾದೆಯಿಂದ ಮಾಡಿದವರು ಕುಮಟೆಯಲ್ಲಿ ಅವರ ಮೊದಲೂ ಇಲ್ಲ, ಆಮೇಲೂ ಇಲ್ಲ.

ಆಗ ನಾನು ಕುಮಟೆಯ ಶಾಲೆಯೊಂದರಲ್ಲಿ ಗುಮಾಸ್ತ. ಇರುವುದು ಚಿಕ್ಕಪ್ಪನ ಮನೆಯಲ್ಲಿ. ಚಿಕ್ಕಪ್ಪ ದವಾಖಾನೆಯ ಕಂಪೌಂಡರು. ಇಪ್ಪತ್ತೆಂಟು ವರ್ಷ ಗಾಯ ತೊಳೆದು ಪಟ್ಟಿ ಕಟ್ಟಿದ ಕೈ. ಅವರಿಗೊಂದು ರೋಗವಿತ್ತು: ಪರೀಕ್ಷೆ ಮಾಡದೆ ಏನನ್ನೂ ನಂಬುತ್ತಿರಲಿಲ್ಲ. ಹಲಸಿನಹಣ್ಣು ತಿಂದು ಜೇನು ನೆಕ್ಕಿದರೆ ಮನುಷ್ಯ ಸಾಯುತ್ತಾನೆ ಎಂದು ಯಾರೋ ಅಂದದ್ದೇ ತಡ, ಎರಡನ್ನೂ ತಿಂದು ಚಾಪೆ ಹಾಸಿ ಮಲಗಿದರು. ಸುತ್ತ ನೆಂಟರು ಕೂತು ಕಾದರು. ಸಂಜೆಗೆ ಎದ್ದು, "ಎಂತ ಎಲ್ಲ ನೋಡ್ತೀರಿ? ಹಸಿವಾಗ್ತದೆ," ಅಂದರು. ಭಟ್ಕಳದಿಂದ ಬಂದಿದ್ದ ಅವರ ಅಕ್ಕನಿಗೆ ಸ್ವಲ್ಪ ನಿರಾಶೆಯೇ ಆಯಿತು!

ಪಟದ ವಿಷಯ ಶುರುವಾದದ್ದು ಗಣಪುವಿನಿಂದ. ಗಣಪು ಹೊನ್ನಾವರದ ಲಾಂಚಿನಲ್ಲಿ ಕೆಲಸ ಮಾಡುವ ಇಪ್ಪತ್ತಾರರ ಗಂಡಾಳು. ಶರಾವತಿಗೆ ಆಗ ಸೇತುವೆ ಇರಲಿಲ್ಲ. ಬಸ್ಸಿಳಿದು ಲಾಂಚು ಹತ್ತಿ, ಆಚೆ ದಡದಲ್ಲಿ ಮತ್ತೊಂದು ಬಸ್ಸು ಹಿಡಿಯಬೇಕು. ಅವನಿಗೆ ಮಾವಳ್ಳಿಯ ಹೆಣ್ಣು ಮದುವೆಗೆ ಗೊತ್ತಾಗಿತ್ತು. ಒಂದು ದಿನ ದವಾಖಾನೆಗೆ ಬಂದು, ಎಲ್ಲ ರೋಗಿಗಳೂ ಹೋಗುವ ತನಕ ಮೂಲೆಯಲ್ಲಿ ಕೂತಿದ್ದ.

"ಎಂತ ಆತು?" ಎಂದರು ಚಿಕ್ಕಪ್ಪ.

"ನಾನು ಮುಗಿದೆ, ಕಂಪೌಂಡರೇ. ಮದುವೆ ಬೇಡ ಅಂತ ಹೇಳಿ ಕಳಿಸ್ತೆ."

ಮುಂಬಯಿಯಲ್ಲಿದ್ದಾಗ ಬಂದರಿನಲ್ಲಿ ಒಬ್ಬನಿಂದ ಹನ್ನೆರಡು ಪಟಗಳ ಕಟ್ಟು ತಂದಿದ್ದನಂತೆ. ಎರಡು ವರ್ಷ ಟ್ರಂಕಿನ ತಳದಲ್ಲಿಟ್ಟು ನೋಡಿದ್ದನಂತೆ. ಮೊನ್ನೆ ಘಟ್ಟದ ಮೇಲಿನಿಂದ ಬಂದ ಬೋಧಕರೊಬ್ಬರು, ಅಂಥ ಪಟ ನೋಡಿದವನ ಕಣ್ಣು ಮಂಜಾಗುತ್ತದೆ, ಮೈ ಬಡಕಲಾಗುತ್ತದೆ, ಕೂದಲು ಉದುರುತ್ತದೆ, ಅವನ ಕೈಹಿಡಿದವಳ ಬಾಳು ಹಾಳಾಗುತ್ತದೆ ಎಂದು ಎರಡು ತಾಸು ಹೇಳಿದ್ದರು. ಗಣಪು ಅಳುತ್ತಿದ್ದ. "ಪಾಪದ ಹೆಣ್ಣನ್ನ ನಾನ್ಯಾಕೆ ಹಾಳುಮಾಡಬೇಕು?"

ಚಿಕ್ಕಪ್ಪ ಡಾಕ್ಟರರ ದಪ್ಪ ಪುಸ್ತಕ ತಿರುವಿದರು. ಭೇದಿಗೆ ಹತ್ತು ಪುಟ. ಪಟಕ್ಕೆ ಒಂದು ಸಾಲೂ ಇಲ್ಲ!

"ಮದುವೆಗೆ ಎಷ್ಟು ದಿನ ಉಂಟು?"

"ಐವತ್ತು."

"ಆತು. ಆ ಪಟ ತಂದು ಕೊಡು. ಅಲ್ಲಿಯತನಕ ಬಾಯಿ ಮುಚ್ಚಿಕೊಂಡಿರು."

ಹೀಗೆ ಪರೀಕ್ಷೆ ಆರಂಭವಾಯಿತು. ಒಂದು ಪಟಕ್ಕೆ ಒಂದು ನಿಮಿಷ, ಒಟ್ಟು ಹನ್ನೆರಡು ನಿಮಿಷ. ಆಮೇಲೆ ನಾಡಿ. ಆಮೇಲೆ ಕಣ್ಣು: ಜಗಲಿಯಿಂದಲೇ ದೂರದ ತಿರುವಿನಲ್ಲಿ ಬರುವ ಬಸ್ಸಿನ ಬೋರ್ಡು ಓದುವುದು. ವಾರಕ್ಕೊಮ್ಮೆ ಕೊಬ್ಬರಿ ಅಂಗಡಿಯ ತಕ್ಕಡಿಯಲ್ಲಿ ಕೂತು ತೂಕ. ಕೂದಲಿನ ವಿಷಯ ಮಾತ್ರ ಕಷ್ಟವಾಯಿತು. ಅವರ ತಲೆ ಆಗಲೇ ತಾಮ್ರದ ತಂಬಿಗೆ. "ನಿನ್ನ ತಲೆ ದೇಶಕ್ಕಾಗಿ ಕೊಡು," ಎಂದು ನನಗೂ ಮೂರು ಪಟ ತೋರಿಸಿ, ನನ್ನ ಬಾಚಣಿಗೆಯ ಕೂದಲು ಎಣಿಸತೊಡಗಿದರು. ನನಗೂ ಆಗ ಇಪ್ಪತ್ತೇಳು. ದೇಶಸೇವೆಗೆ ಇಲ್ಲ ಎನ್ನಲು ಮನಸ್ಸು ಬಂದೀತೇ?

ಚಿಕ್ಕಮ್ಮ ಮೊದಲ ದಿನ ಇಣುಕಿ, "ಅಯ್ಯ, ಈ ಹೆಂಗಸರಿಗೆ ಚಳಿಯಾಗೂದಿಲ್ವ?" ಅಂದರು. ಮಾರನೆಯ ದಿನದಿಂದ ಅದೂ ಇಲ್ಲ, ಅಡುಗೆಮನೆಯಿಂದಲೇ ಕೇಳುವುದು:

"ಎಷ್ಟನೇದು ನಡೀತಿದೆ?"

"ಐದು."

"ಹನ್ನೆರಡು ಆದಮೇಲೆ ತೆಂಗಿನಕಾಯಿ ಸುಲಿದು ಕೊಡಿ."

ಒಂಬತ್ತನೇ ದಿನ ಅನಾಹುತ! ಚಿಕ್ಕಪ್ಪನ ಹೊಟ್ಟೆ ಕೆಟ್ಟು ಹಿತ್ತಲಿಗೆ ಏಳು ಸಲ ಓಡಿದರು. ಸುದ್ದಿ ತಿಳಿದ ಗಣಪು ಹೊನ್ನಾವರದಿಂದ ಓಡಿಬಂದು ಕಾಲಿಗೆ ಬಿದ್ದ. "ನನ್ನಿಂದಾಗಿ ನೀವೂ ಹೋದಿರಿ!" ಆದರೆ ವಿಚಾರಿಸಿದರೆ, ಒಂದು ಪಟವನ್ನೂ ಸರಿಯಾಗಿ ನೋಡದ ಚಿಕ್ಕಮ್ಮ ಒಂಬತ್ತು ಸಲ ಓಡಿದ್ದರು. ಹಿಂದಿನ ದಿನದ ಬಂಗುಡೆ ಹಳಸಿತ್ತು. ಚಿಕ್ಕಪ್ಪ ಮಲಗಿದಲ್ಲಿಂದಲೇ ಬರೆಸಿದರು: "ಪಟ ನಿರ್ದೋಷಿ. ಮೀನು ಅಪರಾಧಿ."

ತಾಳೆ ನೋಡಬೇಕಲ್ಲ ಎಂದು ಒಂದು ಭಾನುವಾರ ಗೊಬ್ಬರದ ಅಂಗಡಿಯ ಕ್ಯಾಲೆಂಡರನ್ನೂ ಹನ್ನೆರಡು ನಿಮಿಷ ದಿಟ್ಟಿಸಿದರು. ಅದರಲ್ಲಿದ್ದದ್ದು ಒಂದು ಎತ್ತು. ಸಂಜೆತನಕ ತಲೆನೋವು! ಪಟಗಳಿಂದ ಒಮ್ಮೆಯೂ ತಲೆ ನೋಯದವರು ಎತ್ತಿನಿಂದ ನರಳಿದರು. ಬೋಧಕರು ಎತ್ತಿನ ವಿರುದ್ಧ ಯಾಕೆ ಮಾತಾಡಲಿಲ್ಲವೋ!

ನಲವತ್ತು ದಿನ ಮುಗಿಯಿತು. ನಾಡಿ ಸರಿ. ತೂಕ ಎರಡು ಸೇರು ಹೆಚ್ಚು. ಬಸ್ಸಿನ ಬೋರ್ಡು ಮೊದಲಿನಂತೆಯೇ ಸ್ಪಷ್ಟ. ನನ್ನ ಕೂದಲು ಅಲುಗಲಿಲ್ಲ. ಚಿಕ್ಕಪ್ಪ ಇದನ್ನೆಲ್ಲ ದವಾಖಾನೆಯ ಚೀಟಿಯಲ್ಲಿ ಬರೆದು, ಠಸ್ಸೆ ಒತ್ತಿ, ಗಣಪುವಿನ ಕೈಗಿಟ್ಟರು. ಗಣಪು ಅದನ್ನು ತಾಯಿತದಂತೆ ಮಡಚಿ ಅಂಗಿಯ ಕಿಸೆಗೆ ಸೇರಿಸಿದ. ಮಾವಳ್ಳಿಯಲ್ಲಿ ಮದುವೆ ನಡೆಯಿತು. ಧಾರೆ ಎರೆಯುವಾಗ ಅವನ ಕೈ ಆ ಕಿಸೆಯ ಮೇಲೇ ಇತ್ತು. ಪುರೋಹಿತರು ಎರಡು ಸಲ ಎಳೆದು ಸರಿಮಾಡಿದರು.

ಊಟ ಮುಗಿಸಿ ನಾವಿಬ್ಬರೂ ಹೊರಟೆವು. ಶರಾವತಿಯ ನಡುವೆ ಲಾಂಚು ಬಂದಾಗ ಚಿಕ್ಕಪ್ಪ ಪಟಗಳ ಕಟ್ಟು ಹೊರತೆಗೆದರು. ಒಂದೊಂದಾಗಿ ನೀರಿಗೆ ಬಿಟ್ಟರು. ಹನ್ನೊಂದು ಹೋದವು. ಏಳನೆಯದು ಕೈಯಲ್ಲೇ ಉಳಿಯಿತು.

ನಾನು ನಕ್ಕೆ. "ಎಂತ ಚಿಕ್ಕಪ್ಪ, ಇವಳ ಮೇಲೆ ಮನಸ್ಸಾಯಿತೇ?"

ಅವರು ನಗಲಿಲ್ಲ. "ಹಿಮ್ಮಡಿ ನೋಡು," ಎಂದರು.

ಬಗ್ಗಿ ನೋಡಿದೆ. ಮೂವತ್ತು ಮೂವತ್ತೈದರ ಹೆಂಗಸು, ನಗುತ್ತಿದ್ದಳು. ಒಂದು ಕಾಲನ್ನು ಮಾತ್ರ ನೆಲಕ್ಕೆ ಊರದೆ ಸ್ವಲ್ಪ ಎತ್ತಿ ಹಿಡಿದಿದ್ದಳು. ಹಿಮ್ಮಡಿಯಲ್ಲಿ ದೊಡ್ಡ ಹುಣ್ಣು.

"ಕೀವಾಗಿದೆ. ನಿಲ್ಲಲಿಕ್ಕೆ ಆಗ್ತಿರಲಿಲ್ಲ ಅವಳಿಗೆ. ಯಾರೋ ನಗು ಅಂದಿದ್ದಾರೆ, ನಕ್ಕಿದ್ದಾಳೆ." ಚಿಕ್ಕಪ್ಪ ಹೆಬ್ಬೆರಳಿನಿಂದ ಪಟದ ಅಂಚು ಒರೆಸಿದರು. "ಇಪ್ಪತ್ತೆಂಟು ವರ್ಷ ಹುಣ್ಣು ತೊಳೆದವ ನಾನು. ಇದು ನನಗೆ ಕಂಡದ್ದು ಮೂವತ್ತಾರನೇ ದಿನ, ಮಾರಾಯ. ಮೂವತ್ತೈದು ದಿನ ಎಂತ ನೋಡಿದೆ ನಾನು? ಕಣ್ಣು ಮಂಜಾಗೂದು ಅಂದ್ರೆ ಇದೇ ಅಲ್ವ? ಗಣಪುಗೆ ಕೊಟ್ಟ ಚೀಟಿಯಲ್ಲಿ ಇದನ್ನ ಬರೀಲಿಲ್ಲ. ಮದುವೆ ನಿಂತೀತು ಅಂತ ಹೆದರಿದೆ."

"ಬಿಟ್ಟುಬಿಡಿ ಚಿಕ್ಕಪ್ಪ, ಇದನ್ನೂ ನೀರಿಗೆ ಬಿಡಿ," ಎಂದೆ.

ಅವರು ಒಮ್ಮೆ ಹೊಳೆಯತ್ತ ನೋಡಿದರು. ಭರತದ ಹೊತ್ತು, ಸಮುದ್ರ ಒಳಗೆ ನುಗ್ಗಿಬರುತ್ತಿತ್ತು. ಕಿಸೆಯಿಂದ ತೊಳೆದ ಕರವಸ್ತ್ರ ತೆಗೆದು ಪಟವನ್ನು ಅದರಲ್ಲಿ ಮೆಲ್ಲಗೆ ಸುತ್ತಿದರು. ದವಾಖಾನೆಯಲ್ಲಿ ಪಟ್ಟಿ ಸುತ್ತುವಂತೆ, ಬಿಗಿಯಾಗದ ಹಾಗೆ.

"ಉಪ್ಪುನೀರು," ಎಂದರು. "ಹುಣ್ಣಿಗೆ ಉರೀತದೆ."