ನಮ್ಮತ್ತೆ ಮತ್ತು ನನ್ನ ಪೈನ್ ಮರಗಳು

ಮರ ಅಳೆಯುವವಳ ಬಾಳಿನಲ್ಲಿ ನಗುವಂಥದ್ದೇನು ನಡೆದೀತು ಎಂದು ಹಲವರು ನನ್ನನ್ನು ಕೇಳಿದ್ದಾರೆ. ಮರ ಸುಮ್ಮನಿರುತ್ತದೆ, ನಿಜ. ಅದರ ಸುತ್ತಲಿನ ನಮ್ಮವರು ಸುಮ್ಮನಿರುವುದಿಲ್ಲ.

೧. ಸುತ್ತಳತೆ

ಎಪ್ಪತ್ತರ ದಶಕದಲ್ಲಿ ನಾವು ಡೆಟ್ರಾಯಿಟ್ ಬಳಿಯ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿದ್ದೆವು. ನಮ್ಮ ಯಜಮಾನರು ಕಾರಿನ ಕಾರ್ಖಾನೆಯಲ್ಲಿ ಎಂಜಿನಿಯರ್. ನಾನು ವಿಶ್ವವಿದ್ಯಾನಿಲಯವೊಂದರಲ್ಲಿ ಅರಣ್ಯ ಸಂಶೋಧಕಿ. ನಡುನಡುವೆ ಕೆಲವನ್ನು ಕಡಿದು ಜಾಗ ಬಿಟ್ಟರೆ ಉಳಿದ ಪೈನ್‌ಗಳು ಎಷ್ಟು ಬೇಗ ದಪ್ಪವಾಗುತ್ತವೆ ಎಂಬುದು ನನ್ನ ವಿಷಯ. ಹೋಲಿಕೆಗೆಂದು ಒಂದು ತುಂಡು ಕಾಡನ್ನು ಎಂಟು ವರ್ಷ ಕೊಡಲಿ ಸೋಕದಂತೆ ಕಾದಿದ್ದೆ. ಕೊನೆಯ ಅಳತೆ ನಾನು ಹೇಳುತ್ತಿರುವ ವರ್ಷದ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಅಲ್ಲಿ ಒಂದು ಮರ ಉರುಳಿದರೂ ಎಂಟು ವರ್ಷದ ಕೆಲಸ ನೀರುಪಾಲು; ನನಗೆ ದೊರೆಯಲಿದ್ದ ಕಾಯಂ ಹುದ್ದೆಯೂ ಅದರ ಜೊತೆಗೇ.

ಯುಗಾದಿ ಊಟದಲ್ಲಿ ಇದನ್ನೆಲ್ಲ ವಿವರಿಸಿದಾಗ ಡಾಕ್ಟರೊಬ್ಬರ ಪತ್ನಿ, ಮರ ವರ್ಷಕ್ಕೆ ಎಷ್ಟು ದಪ್ಪವಾಗುತ್ತದೆ ಎಂದು ವಿಚಾರಿಸಿದರು. ಕಾಲು ಇಂಚು ಎಂದೆ. ನಾಲ್ಕನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ ತಮ್ಮ ಯಜಮಾನರನ್ನು ಅವರು ಒಮ್ಮೆ ನೋಡಿದರು.

"ಅದಕ್ಯಾಕ್ರೀ ಕಾಡಿಗೆ ಡ್ರೈವ್ ಮಾಡ್ತೀರಾ? ನಮ್ಮನೇಗೆ ಬನ್ನಿ, ಮೂರು ತಿಂಗಳಲ್ಲಿ ರಿಸರ್ಚ್ ಮುಗಿಯತ್ತೆ."

೨. ಪರಿಮಳ

ಆ ಬೇಸಿಗೆಯಲ್ಲಿ ಮೈಸೂರಿನಿಂದ ಅತ್ತೆ ಬಂದರು. ಮರದ ಬೆಳವಣಿಗೆಯ ಉಂಗುರಗಳನ್ನು ಎಣಿಸಲು ನಾವು ಟೊಳ್ಳಾದ ಬೈರಿಗೆಯಿಂದ ಕಾಂಡವನ್ನು ಕೊರೆದು ತೆಳುವಾದ ಕಡ್ಡಿಯೊಂದನ್ನು ಹೊರತೆಗೆಯುತ್ತೇವೆ. ಅಂಥ ಒಂದು ಕಂತೆಯನ್ನು ಒಣಗಲೆಂದು ಅಡುಗೆಮನೆಯ ಕಿಟಕಿಯಲ್ಲಿಟ್ಟಿದ್ದೆ. ಸಂಜೆ ಬಂದರೆ ಮನೆಯೆಲ್ಲ ರಾಳದ ಘಮ. ದೇವರ ಮುಂದೆ ನನ್ನ ಎರಡು ಮರಗಳು ಹೊಗೆಯಾಡುತ್ತಿದ್ದವು.

ನಾನು ಉಳಿದ ಕಡ್ಡಿಗಳನ್ನು ಎಣಿಸತೊಡಗಿದೆ. ಅತ್ತೆಯೇ ಸಮಾಧಾನ ಹೇಳಿದರು.

"ವಾಸನೆ ಪರವಾಗಿಲ್ಲ ಕಣಮ್ಮ. ಆದ್ರೆ ಆರಿ ಆರಿ ಹೋಗತ್ತೆ. ಇನ್ಮೇಲೆ ಆ ಅಂಗಡೀಲಿ ಊದುಬತ್ತಿ ತರಬೇಡ."

೩. ಪಂಕ್ತಿ

ಅಕ್ಟೋಬರಿನ ಅಳತೆಗೆ ಅತ್ತೆಯೂ ಹೊರಟರು: ರೇಷ್ಮೆ ಸೀರೆ, ಮೇಲೆ ಮಗನ ಕೋಟು, ಕೈಚೀಲದಲ್ಲಿ ಅರಿಶಿನ ಕುಂಕುಮ. ನನ್ನ ತುಂಡಿನ ಪಕ್ಕದಲ್ಲೇ, ಅಂದು ಕಡಿಯಬೇಕಿದ್ದ ಮರಗಳ ಸಾಲಿನ ಮುಂದೆ, ಮರ ಕಡಿಯುವಾತ ಗರಗಸದ ಯಂತ್ರದೊಂದಿಗೆ ಸಿದ್ಧನಾಗಿದ್ದ. ಆತನಿಗೆ ನಾನೇ ಬರೆದುಕೊಟ್ಟ ನಿಯಮವಿತ್ತು: ಕೆಂಪು ಗುರುತಿದ್ದರೆ ಕಡಿಯಬೇಕು, ಅದರ ಜೊತೆ ಹಳದಿಯಿದ್ದರೆ ಬಿಡಬೇಕು, ಬಾಯಿಮಾತಿಗೆ ಬೆಲೆಯಿಲ್ಲ.

ನಾನು ಅಳತೆಯಲ್ಲಿ ಮುಳುಗಿದ್ದಾಗ ಅತ್ತೆ, ಸೊಸೆಗೆ ಅನ್ನ ಕೊಡುವ ಮರಗಳೆಂದು, ನನ್ನ ತುಂಡಿನಲ್ಲಿ ಎಲ್ಲಕ್ಕಿಂತ ದೊಡ್ಡದೊಂದನ್ನು ಆರಿಸಿ ಪೂಜೆಗೆ ತೊಡಗಿದರು. ಚಳಿಗೆ ಅರಿಶಿನದ ಡಬ್ಬಿಯ ಮುಚ್ಚಳ ಬಿಗಿದುಕೊಂಡಿತ್ತು. ಹಾಗಾಗಿ ಕುಂಕುಮವನ್ನಷ್ಟೇ ಅಂಗೈಯಗಲ ಬಳಿದು ಪ್ರದಕ್ಷಿಣೆ ಆರಂಭಿಸಿದರು.

ಯಂತ್ರ ಗುಡುಗಿದ ಸದ್ದಿಗೆ ನಾನು ಓಡಿದೆ. ಆತ ಟೋಪಿ ತೆಗೆದು, ಕೆಂಪು ಬಳಿದ ಆ ಮರದ ಮುಂದೆ ವಿನಯದಿಂದ ಕಾಯುತ್ತಿದ್ದ. ಅತ್ತೆಯನ್ನು ಸರ್ಕಾರದ ಇನ್‌ಸ್ಪೆಕ್ಟರ್ ಎಂದು ತಿಳಿದಿದ್ದನಂತೆ. ಒಂದೇ ಮರವನ್ನು ಏಳು ಸಲ ಸುತ್ತಿ ಪರೀಕ್ಷಿಸಿದವರನ್ನು ಆತ ಹಿಂದೆ ಕಂಡಿರಲಿಲ್ಲ.

ಇದನ್ನು ಕಡಿಯಬಾರದು ಎಂದೆ. ಬಾಯಿಮಾತಿಗೆ ಬೆಲೆಯಿಲ್ಲವೆಂದು ಆತ ನನಗೇ ನೆನಪಿಸಿದ. ಕರವಸ್ತ್ರದಿಂದ ಕೆಂಪನ್ನು ಒರೆಸಹೋದರೆ ಅತ್ತೆ ನನ್ನ ಕೈ ಹಿಡಿದರು. "ಇಟ್ಟ ಕುಂಕುಮ ಅಳಿಸ್ತೀಯಾ? ಓದಿದೋಳು ನೀನು."

ಒಂದು ಕಡೆ ನನ್ನ ನಿಯಮ, ಇನ್ನೊಂದು ಕಡೆ ನಮ್ಮತ್ತೆ, ನಡುವೆ ನನ್ನ ಎಂಟು ವರ್ಷ. ಅತ್ತೆಗೆ ಕಷ್ಟವನ್ನು ತಿಳಿಸಿದೆ. ಉಳಿಸುವುದಕ್ಕೆ ಯಾವ ಬಣ್ಣ ಎಂದು ಅವರು ಕೇಳಿದರು. ಹಳದಿ ಎಂದೆ. ಅವರು ಅರಿಶಿನದ ಡಬ್ಬಿಯನ್ನು ಆತನ ಕೈಗೆ ಕೊಟ್ಟರು. ಆತ ಒಂದೇ ತಿರುವಿಗೆ ಮುಚ್ಚಳ ತೆಗೆದುಕೊಟ್ಟ. ಅತ್ತೆ ಕುಂಕುಮದ ಸುತ್ತ ಧಾರಾಳವಾಗಿ ಅರಿಶಿನ ಬಳಿದರು. ಆತ ನೋಡಿ, ನಿಯಮಕ್ಕೆ ಸರಿಯಾಗಿದೆ ಎಂದು ತಲೆಯಾಡಿಸಿದ. ನಾನು ಅಳತೆಗೆ ಮರಳಿದೆ.

ಕೊನೆಯ ಮರದ ಅಳತೆ ಬರೆದು ತಲೆಯೆತ್ತಿದರೆ, ಆತ ಯಂತ್ರವನ್ನು ಟ್ರಕ್ಕಿಗೆ ಏರಿಸುತ್ತಿದ್ದ. ಕಡಿಯುವ ಸಾಲಿನಲ್ಲಿ ಕೆಂಪು ಗುರುತಿದ್ದ ಪ್ರತಿಯೊಂದು ಮರದ ಮೇಲೂ ಅರಿಶಿನ. ಅತ್ತೆ ಕೈ ಒರೆಸಿಕೊಳ್ಳುತ್ತಿದ್ದರು.

"ಎಲ್ಲಾ ಒಂದೇ ಸಾಲಲ್ಲಿ ನಿಂತಿವೆ. ಪಂಕ್ತಿಭೇದ ಮಾಡಬಾರದು ಕಣಮ್ಮ."

ಆತನ ಬಳಿ ಕ್ಷಮೆ ಕೇಳಿದೆ. ಆತ ಒಂದೇ ಪ್ರಶ್ನೆ ಕೇಳಿದ: ಈ ಇನ್‌ಸ್ಪೆಕ್ಟರ್ ತಮ್ಮ ದೇಶಕ್ಕೆ ಹಿಂದಿರುಗುವುದು ಯಾವಾಗ? ಯುಗಾದಿಗೆ, ಅಂದರೆ ಮಾರ್ಚ್‌ನಲ್ಲಿ ಎಂದೆ. ಆತ ಕಿಸೆಯಿಂದ ಪುಸ್ತಕ ತೆಗೆದು, ಕೆಲಸದ ದಿನವನ್ನು ಹೊಡೆದುಹಾಕಿ, ಏಪ್ರಿಲ್ ಎಂದು ಬರೆದುಕೊಂಡ.