ಶೆರಿಫ್ ಹ್ಯಾಗನ್ ಕ್ಷಮೆ ಕೇಳಿದ ಪ್ರಕರಣ

ಒಬ್ಬ ಮನುಷ್ಯ ಒಂದು ಸೀಸನ್‌ನಲ್ಲಿ ಎಷ್ಟು ಒಳ್ಳೆಯವನಾಗಬಹುದು ಎಂಬುದನ್ನು ತೀರ್ಮಾನಿಸುವ ಅಧಿಕಾರ ಟಿವಿ ಸ್ಟುಡಿಯೋಗಳ ಊರಾದ ಬರ್‌ಬ್ಯಾಂಕ್ ನಗರದಲ್ಲಿ ಪಾತ್ರ ವಿಕಾಸ ನಿಯಂತ್ರಣ ಮಂಡಳಿಗೆ ಸೇರಿದೆ. ಈ ಬಗ್ಗೆ ಯಾರ ತಕರಾರೂ ಇಲ್ಲ.

ಮಂಡಳಿ ಸುಮ್ಮನೆ ಹುಟ್ಟಿದ್ದಲ್ಲ. ‘ಡ್ರೈ ಫೋರ್ಕ್’ ಎಂಬ ಟಿವಿ ಧಾರಾವಾಹಿಯ ಹಿಂದಿನ ಸೀಸನ್‌ನಲ್ಲಿ, ಕುದುರೆಯೇರಿ ಊರು ಕಾಯುವ ಕಲ್ಲೆದೆಯ ಪೊಲೀಸ್ ಅಧಿಕಾರಿ ಶೆರಿಫ್ ಹ್ಯಾಗನ್ ಪಕ್ಕದ ಮನೆಯ ನಾಯಿಯ ತಲೆ ಸವರಿಬಿಟ್ಟ. ಒಡಹುಟ್ಟಿದ ತಮ್ಮನನ್ನು ಜೈಲಿಗೆ ತಳ್ಳಿ ನೆಮ್ಮದಿಯಾಗಿ ಊಟಕ್ಕೆ ಕೂತವನು ನಾಯಿಯ ತಲೆ ಸವರುವುದೆಂದರೇನು? ಜನ ರೊಚ್ಚಿಗೆದ್ದರು. ಚಂದಾ ರದ್ದು ಮಾಡಿದರು. ತಂತಮ್ಮ ನಾಯಿಗಳನ್ನು ಕಟ್ಟಿಕೊಂಡು ಬಂದು ಸ್ಟುಡಿಯೋ ಗೇಟಿನ ಮುಂದೆ ಧರಣಿ ಕೂತರು. ಸ್ಟುಡಿಯೋದವರು ಗಾಬರಿಬಿದ್ದು ಅಭಿಮಾನಿಗಳದ್ದೇ ಒಂದು ಮಂಡಳಿ ರಚಿಸಿ ಕೈತೊಳೆದುಕೊಂಡರು. ಮಂಡಳಿಯ ಮೊದಲ ನಿಯಮ, ಪಾತ್ರಗಳು ಬೆಳೆಯಲೇಬೇಕು. ಎರಡನೆಯ ನಿಯಮ, ಪಾತ್ರಗಳು ಬದಲಾಗತಕ್ಕದ್ದಲ್ಲ. ಕೆಟ್ಟುಹೋಗುವುದಕ್ಕೆ ಮಾತ್ರ ಅನುಮತಿ ಬೇಕಿಲ್ಲ. ಸದರಿ ಕೆಡುವಿಕೆಯನ್ನು ‘ಆಳ’ ಎಂದು ಪರಿಗಣಿಸಲಾಗುವುದು.

ಹ್ಯಾಗನ್‌ನ ಪಾತ್ರ ಮಾಡುವ ಮಾರ್ವಿನ್ ಹೋಲ್ಟ್ ಮಾತ್ರ ಮೆತ್ತಗಿನ ಆಸಾಮಿ. ಕುದುರೆ ಕಂಡರೆ ಸೀನುತ್ತಾನೆ. ಅವನಿಗೆ ಇದ್ದ ಸಂಕಟ ಒಂದೇ, ಮಗಳು ಟೆಸ್ಸಾ. ಕಳೆದ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ‘ಹಬ್ಬದೂಟಕ್ಕೆ ಬೇಯಿಸಿದ ಟರ್ಕಿ ಕೋಳೀನ ನಾನೇ ಬಂದು ಕೊಯ್ತೀನಿ, ಕಾಯ್ತಿರು’ ಅಂತ ಮಾತು ಕೊಟ್ಟು, ಶೂಟಿಂಗ್ ಮುಗಿಯಲಿಲ್ಲವೆಂದು ಹೋಗಲಿಲ್ಲ. ಅವಳು ಕಾದೂ ಕಾದೂ ಕೊನೆಗೆ ಪಕ್ಕದ ಮನೆಯವರ ಕೈಲಿ ಕೊಯ್ಯಿಸಿದಳು. ಈಗ ಅವಳ ಮದುವೆ, ಅಪ್ಪನಿಗೆ ಕರೆ ಇಲ್ಲ. ಮಗಳ ಮದುವೆಗೆ ಕರೆ ಬಾರದ ಅಪ್ಪನ ನೋವು ಏನೆಂದು ಬೇರೆ ಹೇಳಬೇಕೆ?

ಒಂದು ಭಾನುವಾರ ಅವಳು ತಿಂಡಿಗೆ ಹೋಗುವ, ಹತ್ತಿರದ ಪ್ಯಾಸಡೀನ ಊರಿನ ಪ್ಯಾನ್‌ಕೇಕ್ ಹೋಟೆಲಿಗೆ ಮಾರ್ವಿನ್ ತಾನೇ ಹೋದ. ಎದುರು ಕೂತು, ಟೋಪಿ ತೆಗೆದು, “ತಪ್ಪಾಯ್ತು ಕಣಮ್ಮಾ,” ಅಂದ. ಟೆಸ್ಸಾ ಫೋರ್ಕ್ ಕೆಳಗಿಟ್ಟಳು. “ಯೋಚ್ನೆ ಮಾಡಿ ಹೇಳ್ತೀನಪ್ಪಾ,” ಅಂತ ಎದ್ದು ಹೋದಳು.

ಪಕ್ಕದ ಮೇಜಿನ ಮಹಾನುಭಾವರೊಬ್ಬರು ಅಷ್ಟನ್ನೂ ಫೋನಿನಲ್ಲಿ ಹಿಡಿದಿದ್ದರು. ಮಧ್ಯಾಹ್ನದೊಳಗೆ ದೇಶವೆಲ್ಲ ನೋಡಿತು. ಹ್ಯಾಗನ್ ಕ್ಷಮೆ ಕೇಳಿದನಂತೆ! ಇದೆಂಥ ದರಿದ್ರ ಬರವಣಿಗೆ! ಯಾವನು ಬರೆದದ್ದು? ಯಾರೂ ಬರೆದಿಲ್ಲವೆಂದು ತಿಳಿದ ಮೇಲಂತೂ ಸಿಟ್ಟು ಇಮ್ಮಡಿಯಾಯಿತು.

ಮರುದಿನ ಸ್ಟುಡಿಯೋದ ಅಭಿಮಾನಿ ಸಂಪರ್ಕಾಧಿಕಾರಿ ಕೆಂಟ್ ವಾಲ್ಬರ್ ಬಂದು ಮಾರ್ವಿನ್‌ನ ವ್ಯಾನಿನಲ್ಲಿ ತಲೆ ಹಿಡಿದು ಕೂತ.

“ಅಲ್ಲ ಮಾರಾಯಾ, ಮಗಳ ಹತ್ರ ಸಾರಿ ಕೇಳೋಕ್ಮುಂಚೆ ನಮಗೊಂದು ಮಾತು ಹೇಳ್ಬಾರದಿತ್ತಾ?”

“ನನ್ನ ಮಗಳು ಕಣಯ್ಯಾ!”

“ಯಾರಿಲ್ಲ ಅಂದ್ರು? ಆದ್ರೆ ಪಾತ್ರಕ್ಕಿಂತ ಮುಂಚೆ ನಟ ಸಾರ್ವಜನಿಕವಾಗಿ ಬೆಳೀಬಾರ್ದು ಅಂತ ಕರಾರಲ್ಲೇ ಇದೆ. ಮನೆ ಒಳಗೆ, ಕರ್ಟನ್ ಹಾಕ್ಕೊಂಡು, ಎಷ್ಟು ಬೇಕಾದ್ರೂ ಬೆಳ್ಕೋ.”

“ಮನೆಗೆ ಬಾ ಅಂದ್ರೆ ಅವಳು ಬರಲ್ವಲ್ಲೋ!”

“ಅದು ನಿನ್ನ ಕರ್ಮ. ಈಗ ದಾರಿ ಎರಡೇ. ಕೇಳಿದ ಕ್ಷಮೆ ವಾಪಸ್ ತಗೋ, ಇಲ್ಲಾ ಮಂಡಳಿ ಮುಂದೆ ನಿಂತು ಒಪ್ಪಿಗೆ ತಗೋ.”

ವಾಪಸು ತೆಗೆದುಕೊಂಡರೆ ಮಗಳು ಶಾಶ್ವತವಾಗಿ ಕೈತಪ್ಪಿದ ಹಾಗೆಯೇ. ಮಾರ್ವಿನ್ ಮಂಡಳಿಯನ್ನೇ ಆರಿಸಿಕೊಂಡ.

ಸಾರ್ವಜನಿಕ ಅಹವಾಲು ಸಭೆ ವಿಮಾನ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ನಡೆಯಿತು. ಹಿಂದೆ ಮಫಿನ್ನು, ನೀರುನೀರಾದ ಕಾಫಿ. ಮುಂದೆ ಒಂದು ಮೈಕು, ಅದರ ಮುಂದೆ ಸಾಲು. ಪಟ್ಟಣದ ಚರಂಡಿಯ ಬಗ್ಗೆ ಇರಲಿ, ಶೆರಿಫನ ಮನಸ್ಸಿನ ಬಗ್ಗೆ ಇರಲಿ, ಇಲ್ಲಿ ಪ್ರಜೆಗೆ ಎರಡು ನಿಮಿಷ, ಆಮೇಲೆ ಗಂಟೆ. ಅಧ್ಯಕ್ಷತೆ ಗ್ಲೆಂಡಾ ಪ್ರಿಚರ್ಡ್ ಅವರದು. ನಿವೃತ್ತ ಶಾಲಾ ಶಿಕ್ಷಕಿ. ಗಂಟೆ ಹೊಡೆಯುವುದರಲ್ಲಿ ಬಹಳ ನಿಷ್ಠುರ.

ಮೊದಲು ಶೆರಿಫನ ಟೋಪಿ ಹಾಕಿಕೊಂಡ ಒಬ್ಬ ಹಲ್ಲಿನ ಡಾಕ್ಟರು ನಿಂತರು.

“ಗುಂಡು ತಗಲ್ಲಿಲ್ಲ, ಆಸ್ಪತ್ರೆ ಸೇರ್ಲಿಲ್ಲ, ಒಂದು ಕುದುರೆನಾದ್ರೂ ಸತ್ತಿತಾ ಅಂದ್ರೆ ಅದೂ ಇಲ್ಲ. ಸುಮ್ನೆ ಮನಸ್ಸಿಗೆ ಬಂತಂತೆ, ಒಳ್ಳೆಯವನಾಗಿಬಿಟ್ನಂತೆ! ಇದೇನು ಧರ್ಮಛತ್ರವಾ?”

ಚಪ್ಪಾಳೆ ಬಿತ್ತು. ಆಮೇಲೆ ಬಂದ ಹೆಂಗಸು ಕಣ್ಣೊರೆಸಿಕೊಂಡರು.

“ನಾನೂ ನಮ್ಮನೆಯವರೂ ಒಮ್ಮತದಿಂದ ಮಾಡೋ ಕೆಲಸ ಒಂದೇ, ಹ್ಯಾಗನ್‌ನ ಬೈಯೋದು. ಅವನೂ ಒಳ್ಳೆಯವನಾಗಿಬಿಟ್ರೆ ನಾವಿಬ್ಬರು ರಾತ್ರಿ ಊಟಕ್ಕೆ ಕೂತು ಏನ್ರೀ ಮಾತಾಡೋದು?”

ಒಂದು ಸಂಸಾರದ ಉಳಿವಿನ ಪ್ರಶ್ನೆಯೆಂದು ಮಂಡಳಿ ಇದನ್ನು ಗಂಭೀರವಾಗಿ ಪರಿಗಣಿಸಿತು.

ಮಾರ್ವಿನ್‌ನ ಸರದಿ ಬಂತು. “ನೋಡಿ, ನಾನು ಹ್ಯಾಗನ್ ಅಲ್ಲ...” ಅಂದ. ಸಭೆಯಲ್ಲಿ ಗುಸುಗುಸು ಎದ್ದಿತು. ಹ್ಯಾಗನ್ ಇಂಥ ಮಾತನ್ನು ಎಂದೂ ಆಡುವವನಲ್ಲವೆಂದು ಗ್ಲೆಂಡಾ ಆಕ್ಷೇಪಣೆ ದಾಖಲಿಸಿಕೊಂಡರು. “ನನಗೆ ಇರೋದು ಒಬ್ಬಳೇ ಮಗಳು. ಅವಳ ಮದುವೆ ಇದೆ. ನನಗೆ ಮನ್ನಣೆ ಬೇಡ, ಸೀಸನ್ ಬೇಡ, ಅವಳ ಜೊತೆ ಒಂದು ಸಲ ಕೂತು...” ಅನ್ನುವಷ್ಟರಲ್ಲಿ ಗಂಟೆ ಹೊಡೆಯಿತು. ಮೈಕು ಬಂದ್ ಆಯಿತು.

“ಮುಂದಿನವರು,” ಅಂದರು ಗ್ಲೆಂಡಾ.

ಮುಂದೆ ಬಂದವಳು ಟೆಸ್ಸಾ. ಕೊರಳಲ್ಲಿ ಅಭಿಮಾನಿ ಸಂಘದ ಬಿಲ್ಲೆ, ಅದೂ ಆಜೀವ ಸದಸ್ಯರಿಗೆ ಕೊಡುವ ಹಳದಿ ಬಿಲ್ಲೆ. ಮಾರ್ವಿನ್‌ಗೆ ಕುರ್ಚಿಯಿಂದ ಎದ್ದು ಓಡಿಹೋಗಿ ತಬ್ಬಿಕೊಳ್ಳಬೇಕೆನಿಸಿತು. ಹಿರಿಹಿರಿ ಹಿಗ್ಗಿದ. ಬಂದಳಲ್ಲ ನನ್ನ ಕೂಸು, ಇವರ ಬಾಯಿ ಮುಚ್ಚಿಸ್ತಾಳೆ ಅಂದುಕೊಂಡ.

“ಇಲ್ಲಿರೋ ಎಲ್ಲರಿಗಿಂತ ಈ ಮನುಷ್ಯನ್ನ ನಾನು ಜಾಸ್ತಿ ಬಲ್ಲೆ,” ಅಂದಳು ಟೆಸ್ಸಾ. “ಅಪ್ಪ ಮನೇಲಿ ಇರ್ತಿರ್ಲಿಲ್ಲ. ನಾನು ಅವರನ್ನ ಟಿವಿಯಲ್ಲಿ ನೋಡ್ಕೊಂಡೇ ಬೆಳೆದದ್ದು. ಒಂದು ಕಂತೂ ಬಿಟ್ಟಿಲ್ಲ. ಜ್ವರ ಬಂದಾಗ್ಲೂ ನೋಡಿದೀನಿ. ಆ ಟಿವಿಯಲ್ಲಿರೋ ಮನುಷ್ಯ ಯಾರ ಹತ್ರಾನೂ ತಪ್ಪಾಯ್ತು ಅನ್ನಲ್ಲ. ಅವತ್ತು ಹೋಟೆಲ್‌ನಲ್ಲಿ ಅಂದ್ರು, ನಂಗೆ ಒಂಚೂರೂ ನಂಬಿಕೆ ಬರ್ಲಿಲ್ಲ.”

ಸಭೆ ಉಸಿರು ಬಿಗಿಹಿಡಿದು ಕೇಳುತ್ತಿತ್ತು. ಟೆಸ್ಸಾ ಮೈಕಿಗೆ ಇನ್ನಷ್ಟು ಹತ್ತಿರವಾದಳು.

“ನಂಬಬೇಕು ಅಂತ ಆಸೆ ಇದೆ ನಂಗೆ. ಆದ್ರೆ ಇಷ್ಟು ಬೇಗ ಆಗಲ್ಲ. ಮೊದ್ಲು ದೂರದಿಂದ ನೋಡ್ಲಿ. ಆಮೇಲೆ ಫೋನ್ ಮಾಡ್ಲಿ, ಮಾತಾಡ್ದೆ ಇಟ್ಬಿಡ್ಲಿ. ಒಂದಿನ ಗೇಟಿನ ತನಕ ಬಂದು ವಾಪಸ್ ಹೋಗ್ಲಿ. ನಿಧಾನಕ್ಕೆ ಬರ್ಲಿ.”

ಆ ಸಭಾಂಗಣದಲ್ಲಿ ಅತ್ತವರು ಬಹಳ. ಹಲ್ಲಿನ ಡಾಕ್ಟರಂತೂ ಟೋಪಿ ತೆಗೆದರು. ಇಷ್ಟು ಸಹಜವಾದ ಬೆಳವಣಿಗೆಯನ್ನು ಬರಹಗಾರರು ಯಾರೂ ಸೂಚಿಸಿದ್ದೇ ಇಲ್ಲವೆಂದು ಮಂಡಳಿ ಕೊಂಡಾಡಿತು. ಕೂಡಲೇ ನಿರ್ಣಯವಾಯಿತು: ಪ್ಯಾನ್‌ಕೇಕ್ ಹೋಟೆಲಿನ ಕ್ಷಮಾಯಾಚನೆಯನ್ನು ಅನೂರ್ಜಿತಗೊಳಿಸಲಾಗಿದೆ, ಸದರಿ ಘಟನೆಯನ್ನು ಶೆರಿಫನ ಕನಸೆಂದು ಭಾವಿಸತಕ್ಕದ್ದು, ಮಗಳ ಮೇಲಿನ ಪ್ರೀತಿಯನ್ನು ಹಂತಹಂತವಾಗಿ ಬಿಡುಗಡೆ ಮಾಡತಕ್ಕದ್ದು.

ಮೊದಲ ಹಂತ ಮದುವೆಯ ದಿನವೇ ಜಾರಿಗೆ ಬಂತು. ಮಾರ್ವಿನ್‌ಗೆ ಚರ್ಚಿನ ಎದುರಿನ ಪಾರ್ಕಿಂಗ್‌ನಲ್ಲಿ, ಕಾರಿಗೆ ಒರಗಿ, ಕೇಕು ಕತ್ತರಿಸುವ ತನಕ ನಿಲ್ಲಲು ಅನುಮತಿ ಇತ್ತು. ಕೈ ಬೀಸುವಂತಿರಲಿಲ್ಲ. ಟೆಸ್ಸಾ ಬಿಳಿ ಉಡುಪಿನಲ್ಲಿ ಮೆಟ್ಟಿಲಿಳಿದು ಬಂದು ಅತ್ತ ನೋಡಿದಳು, ನೋಡುತ್ತಲೇ ನಿಂತಳು. ಮಾರ್ವಿನ್ ಬೀಸಲು ಎತ್ತಿದ ಕೈಯನ್ನು ಜೇಬಿಗೆ ತುರುಕಿಕೊಂಡ. ಪಕ್ಕದಲ್ಲಿದ್ದ ಕೆಂಟ್, “ಸೂಪರ್ ಕಣೋ, ಹೀಗೇ ಇರು,” ಎಂದು ಪಿಸುಗುಟ್ಟಿದ.

ಮುಂದಿನ ಸೀಸನ್‌ನಲ್ಲಿ ಫೋನಿಗೆ ಒಪ್ಪಿಗೆ ಸಿಕ್ಕಿತು. ಮಾರ್ವಿನ್ ಬೆಳಿಗ್ಗೆಯೇ ಗಡ್ಡ ಹೆರೆದುಕೊಂಡು, ಅಂಗಿ ಬದಲಾಯಿಸಿ, ಮಗಳ ನಂಬರು ಒತ್ತಿದ.

“ಹಲೋ?” ಅಂದಳು ಟೆಸ್ಸಾ.

ಮಾರ್ವಿನ್ ನಿಯಮದ ಪ್ರಕಾರ ಸುಮ್ಮನಿದ್ದ. ಆ ಕಡೆ ಯಾವುದೋ ಹಸುಗೂಸು ಅಳುತ್ತಿತ್ತು. ತನಗೊಂದು ಮೊಮ್ಮಗು ಹುಟ್ಟಿದೆಯೆಂದು ಅವನಿಗೆ ಗೊತ್ತಾದದ್ದು ಆಗಲೇ.

ಟೆಸ್ಸಾ ಕೂಸನ್ನು ಸಮಾಧಾನ ಮಾಡಿ ಮತ್ತೆ ಫೋನಿಗೆ ಬಂದಳು. ದನಿ ಒದ್ದೆಯಾಗಿತ್ತು.

“ತುಂಬ ಚೆನ್ನಾಗಿ ಬರ್ತಾ ಇದೆ ಅಪ್ಪಾ,” ಅಂದಳು. “ಈಗ ಇಟ್ಬಿಡಿ.”

ಅವನು ಇಟ್ಟುಬಿಟ್ಟ.