ನಮ್ಮ ಜಗಲಿಯಲ್ಲಿ ನಡೆದ ಕೊಲೆ

ಓದು ಬಾರದವರಿಂದ ಸಂಸಾರ ಕೆಟ್ಟಿತೆಂದು ಎಲ್ಲರೂ ಹೇಳುತ್ತಾರೆ. ಓದು ಬಂದವರಿಂದ ಕೆಟ್ಟ ಸಂಸಾರಗಳ ಸುದ್ದಿಯನ್ನು ಮಾತ್ರ ಯಾರೂ ಎತ್ತುವುದಿಲ್ಲ. ಎತ್ತಬೇಕಾದವರು ಓದುತ್ತ ಕುಳಿತಿರುತ್ತಾರಲ್ಲ! ನನಗೇನೂ ಓದು ಬಾರದೆ ಹೊಟ್ಟೆಕಿಚ್ಚಿಗೆ ಈ ಮಾತು ಹೇಳುತ್ತಿಲ್ಲ. ಎಡತೊರೆಯಲ್ಲಿ ನಮ್ಮಪ್ಪ ನನ್ನನ್ನು ಹೆಣ್ಣುಮಕ್ಕಳ ಶಾಲೆಗೆ ಹಾಕಿ, ಮದುವೆಯಾಗುವವರೆಗೂ ಓದಿಸಿದ್ದರು. ಆದರೆ ಬಂದ ವಿದ್ಯೆಯನ್ನೆಲ್ಲ ಖರ್ಚು ಮಾಡಲೇಬೇಕೆಂದು ಎಲ್ಲಿದೆ? ಹೊಳೆಯ ದಡದಲ್ಲಿ ಹುಟ್ಟಿದವಳು, ನನಗೆ ಈಜೂ ಬರುತ್ತದೆ. ಹಾಗೆಂದು ದಿನಾ ಹೊಳೆಗೆ ಬೀಳುತ್ತೇನೆಯೇ? ಪಂಚಾಂಗ, ತವರಿನ ಕಾಗದ, ಔಷಧದ ಬುಡ್ಡಿಯ ಮೇಲಿನ ಚೀಟಿ, ಇಷ್ಟು ಓದಿಕೊಂಡರೆ ಒಬ್ಬ ಗೃಹಿಣಿಯ ಜನ್ಮಕ್ಕೆ ಧಾರಾಳವಾಯಿತು. ಮಿಕ್ಕ ಅಚ್ಚಿನ ಕಾಗದವೆಲ್ಲ ಮೆಣಸು ಜೀರಿಗೆ ಕಟ್ಟುವುದಕ್ಕೆಂದೇ ಹುಟ್ಟಿದ್ದು. ಕೆಲವು ದಿನ ಪುಸ್ತಕದ ರೂಪದಲ್ಲಿ ದಾರಿ ತಪ್ಪಿ ಅಲೆಯುತ್ತದೆ, ಅಷ್ಟೆ.

ಹಾಗೆ ದಾರಿ ತಪ್ಪಿದ ಒಂದು ಪೆಟ್ಟಿಗೆ ಕಾಗದ ನಮ್ಮ ಮನೆಗೆ ಬಂತು. ನಮ್ಮದು ಬಿಳಿಕೆರೆ. ಯಜಮಾನರು ಇಲ್ಲಿ ಶಾಲೆಯ ಮೇಷ್ಟರು. ಮೈಸೂರಿನಿಂದ ಹುಣಸೂರಿಗೆ ಇದ್ದಿಲು ಉರಿಸಿಕೊಂಡು ಓಡುವ ಬಸ್ಸು ನಮ್ಮ ಮನೆಯ ಮುಂದೆಯೇ ನಿಂತು ಏದುಸಿರು ಬಿಡುತ್ತದೆ. ಯುದ್ಧ ಶುರುವಾದ ಮೇಲೆ ಪೆಟ್ರೋಲಿಗೆ ಬರ, ಸೀಮೆಎಣ್ಣೆಗೆ ಬರ, ಸಕ್ಕರೆಗೆ ಬರ. ಪುಸ್ತಕಕ್ಕೆ ಮಾತ್ರ ಬರ ಬರಲಿಲ್ಲ. ಒಂದು ದಿನ ಬಸ್ಸಿನ ತಲೆಯ ಮೇಲಿಂದ ಹಸಿರು ಬಣ್ಣದ ಮರದ ಪೆಟ್ಟಿಗೆಯೊಂದು ನಮ್ಮ ಜಗಲಿಗೆ ಇಳಿಯಿತು. ಮಗಳು ಗೌರಿಯ ಮದುವೆಗೆಂದು ಯಜಮಾನರು ಪಾತ್ರೆ ತರಿಸಿದರೆಂದು ಹಿಗ್ಗಿ, ಒರೆಸುವುದಕ್ಕೆ ಬಟ್ಟೆ ತೆಗೆದುಕೊಂಡೇ ಹೋದೆ. ಮುಚ್ಚಳ ತೆಗೆದರೆ ಪುಸ್ತಕ! ಸಂಚಾರಿ ಪುಸ್ತಕ ಭಂಡಾರವಂತೆ. ಒಂದು ಊರಿನಲ್ಲಿ ಕೆಲವು ಕಾಲ ಇದ್ದು, ಅಲ್ಲಿನವರನ್ನು ಹಾಳುಮಾಡಿ, ಆಮೇಲೆ ಹುಣಸೂರು, ಪಿರಿಯಾಪಟ್ಟಣ, ರಾವಂದೂರು ಎಂದು ಮುಂದೆ ಹೋಗುವುದಂತೆ. ನಮ್ಮ ಕಡೆ ಮಾರಿಯನ್ನೂ ಹೀಗೆಯೇ ಊರಿಂದೂರಿಗೆ ಗಡಿ ದಾಟಿಸುತ್ತಾರೆ. ಆದರೆ ಮಾರಿಯನ್ನು ಯಾರೂ ಜಗಲಿಯ ಮೇಲೆ ಕೂರಿಸಿಕೊಂಡು, ನೋಡಲು ಬಂದವರಿಗೆಲ್ಲ ಹೆಂಡತಿಯ ಕೈಯಲ್ಲಿ ಕಾಫಿ ಮಾಡಿಸುವುದಿಲ್ಲ.

ಆ ಪೆಟ್ಟಿಗೆಯಲ್ಲಿ ಇರದ ಜಾತಿಯ ಪುಸ್ತಕವಿರಲಿಲ್ಲ. ಯಜಮಾನರು ಒಂದೊಂದನ್ನೂ ಓದಿದರು. ಓದಿ ಸುಮ್ಮನಿದ್ದರೆ ನನ್ನದೇನೂ ತಕರಾರಿರಲಿಲ್ಲ. ತಣ್ಣೀರಿನಿಂದ ಸಕಲ ರೋಗವೂ ಗುಣವಾಗುವುದೆಂದು ಒಂದು ಪುಸ್ತಕ ಹೇಳಿತು. ಇವರು ಮಾಗಿಯ ಚಳಿಯಲ್ಲಿ ಬಾವಿಕಟ್ಟೆಯ ಮೇಲೆ ಕುಳಿತು ಕೊಡಗಟ್ಟಲೆ ಸುರಿದುಕೊಂಡರು. ಗುಣವಾಗುವುದಕ್ಕೆ ಇವರಿಗೆ ಯಾವ ರೋಗವೂ ಇರಲಿಲ್ಲವಾಗಿ, ಪುಸ್ತಕದ ಮರ್ಯಾದೆ ಉಳಿಸಲು ಒಂದು ನೆಗಡಿಯನ್ನು ಬರಿಸಿಕೊಂಡರು. ಗೃಹಕೃತ್ಯದ ಪುಸ್ತಕವೊಂದಿತ್ತು, ಬರೆದವನು ಗಂಡಸು. ಒಲೆಯ ಮುಂದೆ ಕೂತ ಹೆಂಗಸು ಸದಾ ಹಸನ್ಮುಖಿಯಾಗಿರಬೇಕು ಎಂದು ಬರೆದಿದ್ದ. ಅವನನ್ನು ನಮ್ಮ ಹಸಿ ಸೌದೆಯ ಮುಂದೆ ಒಂದು ಗಳಿಗೆ ಕೂರಿಸಿ, ಆ ಹಸನ್ಮುಖವನ್ನು ಕಣ್ಣಾರೆ ನೋಡುವ ಆಸೆ ನನಗೆ ಇನ್ನೂ ಇದೆ. ಪ್ರವಾಸದ ಪುಸ್ತಕದವನು ಸಮುದ್ರ ದಾಟಿ ಹೋಗಿ, ಅಲ್ಲೆಲ್ಲೂ ಮೊಸರು ಸಿಗಲಿಲ್ಲವೆಂದು ಅತ್ತುಕೊಂಡು ಬಂದಿದ್ದ. ಮೊಸರು ಬೇಕಾದವನು ಮನೆಯಲ್ಲೇ ಇರಬಾರದೇ? ಚರಿತ್ರೆಯ ಕಾದಂಬರಿಯಲ್ಲಿ ರಾಜಕುಮಾರಿ ಪುಟಕ್ಕೊಂದು ಸಲ ಮೂರ್ಛೆ ಹೋಗುತ್ತಿದ್ದಳು. ನನಗೆ ಮದುವೆಯಾದಂದಿನಿಂದ ಒಮ್ಮೆಯೂ ಅದಕ್ಕೆ ಪುರಸೊತ್ತಾಗಿಲ್ಲ. ಇನ್ನು ಸಾಂಸಾರಿಕ ಕಾದಂಬರಿ. ಅತ್ತೆ ಬಯ್ಯುವುದು, ಸೊಸೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದು. ಎಲ್ಲರ ಮನೆಯಲ್ಲೂ ಬಿಟ್ಟಿಯಾಗಿ ನಡೆಯುವುದನ್ನು ರಟ್ಟು ಹಾಕಿ ಬೇರೆ ಕೊಡಬೇಕೇ?

ನಮ್ಮ ಅತ್ತೆಯವರಿಗೆ ಕಣ್ಣು ಮಂಜು, ಓದು ಬಾರದು. ಅಚ್ಚಾದದ್ದೆಲ್ಲ ಅವರ ಪಾಲಿಗೆ ಪುರಾಣ. "ಅಚ್ಚಾಗಿರೋದೆಲ್ಲ ಸರಸೋತಿ ಕಣೇ" ಎಂದು ಪ್ರತಿ ಪುಸ್ತಕಕ್ಕೂ ಕುಂಕುಮ ಹಚ್ಚಿ, ಹೂವಿಟ್ಟು, ಆಮೇಲೆ ಮಗನ ಕೈಯಲ್ಲಿ ಜಗಲಿಯ ಮೇಲೆ ಗಟ್ಟಿಯಾಗಿ ಓದಿಸುವರು. ಎದುರು ಮನೆಯ ಜವಳಿ ವ್ಯಾಪಾರಿ ಬುಡನ್ ಸಾಬರು ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಬಂದು ಕಂಬಕ್ಕೊರಗಿ ಕೂರುವರು. ಯಜಮಾನರದು ಪುರಾಣದ ರಾಗ. "ಪಿಸ್ತೂಲನ್ನು ಜೇಬಿನಿಂದ ತೆಗೆದನೂ..." ಎಂದು ಎಳೆದು, "ಪಿಸ್ತೂಲು ಅಂದರೆ ಏನಪ್ಪಾ ಅಂದರೆ" ಎಂದು ಅರ್ಥ ಹೇಳುವರು. ಇಷ್ಟಾದರೂ ತಡೆದುಕೊಳ್ಳಬಹುದಾಗಿತ್ತು. ಆದರೆ ಪುರಾಣ ಓದಿಸುವ ಮನೆಗಳಲ್ಲಿ ಒಂದು ಕಟ್ಟಳೆಯುಂಟು. ಸಾವು, ಶೋಕ ಬಂದ ಕಡೆ ಆ ದಿನದ ಓದು ನಿಲ್ಲಿಸಕೂಡದು. ಮದುವೆಯೋ, ಮಗು ಹುಟ್ಟಿದ್ದೋ, ಪಟ್ಟ ಕಟ್ಟಿದ್ದೋ ಬರುವತನಕ ಓದಿ, ಆರತಿ ಎತ್ತಿ ಪುಸ್ತಕ ಮುಚ್ಚಬೇಕು. ನಡುವೆ ಮುಚ್ಚಿದರೆ ಆ ಅಶುಭ ಮನೆಯೊಳಗೇ ಉಳಿದುಬಿಡುತ್ತದೆ. ಅತ್ತೆಯವರು ಈ ಕಟ್ಟಳೆಯನ್ನು ಇಡೀ ಪೆಟ್ಟಿಗೆಗೆ ಹೊರಿಸಿದರು. ಗೊಬ್ಬರದ ಗುಂಡಿಯ ಪುಸ್ತಕದಲ್ಲಿ ಮಂಗಳ ಎಲ್ಲಿಂದ ಬರಬೇಕು? ಎಲ್ಲೋ ಕೊನೆಗೆ "ರಾಗಿಯು ಹುಲುಸಾಗಿ ಬಂದಿತು" ಎಂದು ಸಿಕ್ಕಿತು. ಅಲ್ಲಿಯವರೆಗೆ ಸಗಣಿಯ ವರ್ಣನೆ ಕೇಳುತ್ತ ಸಾರು ಆರಿತು. ಆಮೇಲೆ ಆ ಸಗಣಿಗೆ ಆರತಿ ಎತ್ತುವ ಭಾಗ್ಯವೂ ನನ್ನದೇ ಆಯಿತು.

ಈ ನಡುವೆ ಗೌರಿಯ ಸಂಬಂಧಗಳು ಒಂದೊಂದಾಗಿ ತಪ್ಪುತ್ತಿದ್ದವು. ಹೆಗ್ಗಡದೇವನಕೋಟೆಯ ಕಡೆಯವರು ಬಾಗಿಲಲ್ಲಿ ಬೆಕ್ಕು ಅಡ್ಡ ಬಂತೆಂದು ಹಿಂದಿರುಗಿದರು. ಕೃಷ್ಣರಾಜನಗರದವರು ತಾಂಬೂಲಕ್ಕೆ ಕೈ ನೀಡುವ ಹೊತ್ತಿಗೆ ಸರಿಯಾಗಿ ಯಜಮಾನರು ಸೀನಿದರು. ಅದೇ ತಣ್ಣೀರು ಪುಸ್ತಕದ ಸೀನು! ಪುಸ್ತಕದಿಂದ ಮನೆ ಕೆಡುತ್ತದೆ ಎಂದರೆ ನಗುವವರು ಈ ಸೀನನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ಆಮೇಲೆ ನೆಂಟರ ಸುದ್ದಿ ಬಂದಾಗಲೆಲ್ಲ ಗೌರಿ ಹಿತ್ತಲಿಗೆ ಹೋಗಿ, ಆಗಲೇ ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಕೊನೆಗೆ ರಾವಂದೂರಿನ ಪಟೇಲರು, ಹುಣಸೂರಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದ ತಮ್ಮ ತಮ್ಮನ ಮಗನಿಗೆ ಹೆಣ್ಣು ನೋಡಲು ಭಾನುವಾರ ಬರುತ್ತೇವೆಂದು ಹೇಳಿಕಳುಹಿಸಿದರು. ನಾನು ಬೆಕ್ಕನ್ನು ಉಗ್ರಾಣದಲ್ಲಿ ಕೂಡಿಹಾಕಿದೆ. ಯಜಮಾನರಿಗೆ ಬೆಳಗಿನಿಂದಲೇ ಶುಂಠಿ ಕಷಾಯ ಕುಡಿಸಿದೆ. ಕೂಡಿಟ್ಟಿದ್ದ ಸಕ್ಕರೆಯನ್ನೆಲ್ಲ ಹಾಕಿ ಸಜ್ಜಿಗೆ ಮಾಡಿದೆ. ಪುಸ್ತಕವನ್ನು ಮಾತ್ರ ಮರೆತೆ.

ಇದ್ದಿಲು ಬಸ್ಸು ಎಂದಾದರೂ ಹೊತ್ತಿಗೆ ಸರಿಯಾಗಿ ಬಂದದ್ದುಂಟೇ? ಆ ಧೈರ್ಯದ ಮೇಲೆ ಯಜಮಾನರು ಊಟವಾದ ಕೂಡಲೇ ಒಂದು ಪತ್ತೇದಾರಿ ಕಾದಂಬರಿ ಹಿಡಿದು ಕೂತಿದ್ದರು. ಆವತ್ತೊಂದು ದಿನ ಆ ದರಿದ್ರ ಬಸ್ಸು ಹೇಳಿದ ಹೊತ್ತಿಗೆ ಬಂತು. ಪಟೇಲರು ನಮ್ಮ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟಿದ್ದಾರೆ, ಹಿಂದೆ ಅವರ ಹೆಂಡತಿ; ಯಜಮಾನರು ರಾಗವಾಗಿ, "ಬಾಗಿಲು ಒಡೆದು ನೋಡಲಾಗಿ, ಬೆನ್ನಿನಲ್ಲಿ ಚಾಕು ನಾಟಿ, ಜಮೀನುದಾರರು ಹೆಣವಾಗಿ ಬಿದ್ದಿದ್ದರೂ..." ಎಂದರು.

ಪಟೇಲರ ಇನ್ನೊಂದು ಕಾಲು ನೆಲದಲ್ಲೇ ಉಳಿಯಿತು. ಯಜಮಾನರು ಗಾಬರಿಯಿಂದ ಪುಸ್ತಕ ಮುಚ್ಚಿ ಕೈಮುಗಿದು ಎದ್ದರು.

"ಲೋ, ಮುಚ್ಚಬ್ಯಾಡ, ತೆಗಿಯೋ!" ಎಂದು ಅತ್ತೆಯವರು ಕೂಗಿದರು.

"ಅವ್ವ, ನೆಂಟರು ಬಂದವ್ರೆ."

"ಬಂದವ್ರೆ, ಕುಂತ್ಕತಾರೆ. ಹೆಣ ಮಡಿಕ್ಕಂಡು ಹೆಣ್ಣು ತೋರುಸ್ತೀಯೇನ್ಲಾ?"

ನಾನು ಬಾಗಿಲ ಹಿಂದೆ ನಿಂತು, ಈ ಸಂಬಂಧವೂ ಹೋಯಿತೆಂದುಕೊಂಡೆ. ಆದರೆ ಪಟೇಲರು ತಲೆದೂಗಿದರು. "ಅಜ್ಜಿ ಅನ್ನೋದು ದಿಟ ಕಣ್ರೀ ಮೇಷ್ಟ್ರೇ. ನಮ್ಮನೇಲೂ ಅದೇ ನೇಮ. ಒಂದು ಒಳ್ಳೆ ಮಾತು ಬರೋಗಂಟ ಓದ್ಬುಡಿ, ಕುಂತಿರ್ತೀವಿ. ಆದ್ರೆ ರಾವುಕಾಲ ಹುಟ್ಟೋದ್ರೊಳ್ಗೆ ಮುಗೀಬೇಕು. ಮುಗೀನಿಲ್ಲ ಅಂದ್ರೆ ನಾವು ನೀರೂ ಮುಟ್ಟಾಕಿಲ್ಲ, ಅಂಗೇ ಬಸ್ಸತ್ಬುಡ್ತೀವಿ."

ಭಾನುವಾರದ ರಾಹುಕಾಲ ನಾಲ್ಕೂವರೆಗೆ ಹುಟ್ಟುತ್ತದೆ. ಯಜಮಾನರು ಮತ್ತೆ ಓದಿದರು. ಪೊಲೀಸರು ಬಂದರು, ಹೆಣವನ್ನು ಮಗುಚಿದರು, ರಕ್ತದ ಕಲೆ ಎಷ್ಟುದ್ದ, ಎಷ್ಟಗಲ ಎಂದು ಅಳೆದರು. "ಪಂಚನಾಮೆ ಅಂದರೆ ಏನಪ್ಪಾ ಅಂದರೆ" ಎಂದು ಇವರು ಅರ್ಥ ಹೇಳತೊಡಗಿದರು. ಪಟೇಲರ ಹೆಂಡತಿ ಸೆರಗನ್ನು ಮೂಗಿಗೆ ಹಿಡಿದರು.

"ಅರೆ ಮೇಷ್ಟ್ರೇ, ಅರ್ಥ ಬುಡಿ. ಖೂನಿ ಮಾಡಿದ್ದು ಯಾರು, ಅದು ಹೇಳಿ" ಎಂದರು ಬುಡನ್ ಸಾಬರು.

"ಸುಮ್ಕಿರಿ ಸಾಬ್ರೇ," ಎಂದರು ಪಟೇಲರು. "ನಮ್ಗೆ ಖೂನಿ ಬ್ಯಾಡ, ಮದ್ವೆ ಬೇಕು."

ಅತ್ತೆಯವರಿಗೆ ತಾಳ್ಮೆ ತಪ್ಪಿತು. "ಎಲ್ಲಿ ಸೊಸೆ? ಅವ್ಳ ಕೈಗೆ ಕೊಡೋ, ಬಿರ್‍ರನೆ ಓದ್ತಾಳೆ. ನೀನು ಈ ಹೆಣ ಎತ್ತೋ ಹೊತ್ಗೆ ಸೂರ್ಯ ಮುಳುಗ್ತಾನೆ."

ಪುಸ್ತಕ ಬಾಗಿಲ ಸಂದಿಯಿಂದ ನನ್ನ ಕೈಗೆ ಬಂತು. ಮಂಗಳ ಎಲ್ಲಿದೆಯೆಂದು ಮುಂದಿನ ಹಾಳೆಗಳನ್ನು ಮಗುಚಿದೆ. ಮುಂದಿನ ಅಧ್ಯಾಯದಲ್ಲಿ ಅಡಿಗೆಯವನೂ ಸತ್ತಿದ್ದ. ಅದರಾಚೆ ಸ್ಮಶಾನ. ಅದರಾಚೆ ಯಾರೋ ಬಾವಿಗೆ ಬಿದ್ದಿದ್ದರು. ಇಂಥದ್ದನ್ನು ಬರೆದವನ ಮನೆಯಲ್ಲಿ ಒಂದು ನಾಮಕರಣವೂ ಆಗಿರಲಾರದು. ಹಿಂದಿರುಗಿ ನೋಡಿದೆ. ಗೌರಿ ನನ್ನ ಧಾರೆ ಸೀರೆ ಉಟ್ಟು ಅಡಿಗೆಮನೆಯ ಮೂಲೆಯಲ್ಲಿ ಕೂತು, ಕುಂಕುಮ ಕಲಸದ ಹಾಗೆ ಸೆರಗಿನ ತುದಿಯಿಂದ ಬೆವರು ಒತ್ತಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಸಜ್ಜಿಗೆ ಆರುತ್ತಿತ್ತು. ನಾನು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ಗಟ್ಟಿಯಾಗಿ ಓದಿದೆ:

"ಅಷ್ಟರಲ್ಲಿ ಹೆಣವು ಕೆಮ್ಮಿತು."

ಒಂದು ಹಾಳೆ ಮಗುಚಿ ಮುಂದುವರಿಸಿದೆ: "ಕೆಮ್ಮಿ, ಕಣ್ಣು ಬಿಟ್ಟು, ಒಂದು ಲೋಟ ಶುಂಠಿ ಕಷಾಯ ಕೇಳಿತು."

"ಅಮ್ಮಾವ್ರೇ, ಬೆನ್ನಾಗೆ ಚಾಕು ಇತ್ತಲ್ಲ?" ಎಂದರು ಬುಡನ್ ಸಾಬರು.

"ಚಾಕು ಕೋಟಿಗೆ ನಾಟಿತ್ತೇ ಹೊರತು ಮೈಗೆ ತಗುಲಿರಲಿಲ್ಲ," ಎಂದು ಓದಿದೆ. "ಜಮೀನುದಾರರು ಚಳಿಗೆಂದು ಒಳಗೆ ದಪ್ಪನೆಯ ಉಣ್ಣೆ ಬನಿಯನ್ನು ಹಾಕಿದ್ದರು. ಕೆಳಗೆ ಬಿದ್ದಿದ್ದು ರಕ್ತವಲ್ಲ, ಕೈ ತಪ್ಪಿದ ಬೀಟ್‌ರೂಟ್ ಸಾರು."

ಒಮ್ಮೆ ನಾಲಗೆ ಹೊರಳಿತೆಂದರೆ ಕಷ್ಟವೇನೂ ಇಲ್ಲ. ಇದನ್ನೇ ಈ ಬರೆಯುವವರು ದೊಡ್ಡ ತಪಸ್ಸೆಂಬಂತೆ ಆಡುತ್ತಾರೆ. ಜಮೀನುದಾರರು ಸಂತೋಷದಿಂದ ತಮ್ಮ ಮಗಳನ್ನು ಪತ್ತೇದಾರನಿಗೆ ಕೊಟ್ಟು ಧಾರೆ ಎರೆದರು. ಇಲ್ಲಿ ಯಜಮಾನರು ತಡೆಯಲಾರದೆ, "ಮಗಳೆಲ್ಲಿಂದ ಬಂದಳು? ಅವರಿಗೆ ಮಕ್ಕಳೇ ಇಲ್ಲವೆಂದು ಮೊದಲ ಅಧ್ಯಾಯದಲ್ಲೇ..." ಎಂದರು.

"ನೀ ಸುಮ್ಕಿರ್ಲಾ," ಎಂದರು ಅತ್ತೆಯವರು. "ಇಲ್ದೆ ಇದ್ರೆ ಪುಸ್ತಕದಾಗೆ ಬರೀತಿದ್ರಾ?"

ಮದುವೆಯ ಊಟವನ್ನು ಎಲೆಯ ತುದಿಯ ಉಪ್ಪಿನಿಂದ ಒಬ್ಬಟ್ಟಿನ ಮೇಲಿನ ತುಪ್ಪದವರೆಗೆ ಒಂದೂ ಬಿಡದೆ ಬಡಿಸಿದೆ. ಬದನೆಕಾಯಿ ಎಣ್ಣೆಗಾಯಿಯ ಹೊತ್ತಿಗೆ ಪಟೇಲರ ಹೆಂಡತಿಯ ಸೆರಗು ಮೂಗಿನಿಂದ ಇಳಿಯಿತು. ಅತ್ತೆಯವರು ಪುಸ್ತಕಕ್ಕೆ ಹೂವಿಟ್ಟು ಆರತಿ ಎತ್ತಿಸಿದರು. ಗೌರಿ ಬಂದು ಕೂತಳು. ರಾಹುಕಾಲ ಹುಟ್ಟುವ ಮೊದಲೇ ಪಟೇಲರು ಸಜ್ಜಿಗೆ ತಿಂದು ತಾಂಬೂಲ ತೆಗೆದುಕೊಂಡರು. ಬಸ್ಸು ಹೋದ ಮೇಲೆ ಯಜಮಾನರು ನನ್ನನ್ನೇ ನೋಡುತ್ತ, "ಹೆಣ ಹೇಗೆ ಕೆಮ್ಮಿತು?" ಎಂದರು. "ತಣ್ಣೀರು ಸ್ನಾನ ಮಾಡಿತ್ತು" ಎಂದೆ.

ಪುಸ್ತಕ ತೆಗೆದು ನೋಡಲು ಇವರು ಕೈ ಚಾಚಿದರೆ ಅತ್ತೆಯವರು ಬಿಡಲಿಲ್ಲ. ಮಂಗಳವಾದ ಪುಸ್ತಕವನ್ನು ಮದುವೆಗೆ ಮುಂಚೆ ಮತ್ತೆ ತೆರೆದರೆ ಎದ್ದ ಹೆಣ ಮತ್ತೆ ಮಲಗುವುದಂತೆ. ಅದನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ನಮ್ಮೂರಿನ ಸರದಿ ಮುಗಿದ ದಿನ ಆ ಕೀಲಿಯನ್ನು ಬಸ್ಸಿನವನ ಕೈಗೇ ಕೊಟ್ಟರು; ಪೆಟ್ಟಿಗೆ ಹಾಗೆಯೇ ಬಸ್ಸು ಹತ್ತಿ ಹುಣಸೂರಿಗೆ ಹೋಯಿತು. ಪೀಡೆ ತೊಲಗಿತೆಂದು ನಾನು ಜಗಲಿ ಸಾರಿಸಿದೆ. ಸಾರಿಸುತ್ತಿದ್ದಾಗ ಒಂದು ಯೋಚನೆ ಬಂತು. ಮೊದಲಿನಿಂದಲೂ ನನಗೆ ಅಡಿಗೆಯವನ ಮೇಲೇ ಅನುಮಾನವಿತ್ತು. ನಾನೇನೂ ಕಿವಿಗೊಟ್ಟು ಕೇಳಿದವಳಲ್ಲ. ಅಡಿಗೆಮನೆಗೆ ತಾನಾಗಿ ಬಂದು ಬಿದ್ದದ್ದು. ಆದರೆ ಅಡಿಗೆಯವನೂ ಸತ್ತಿದ್ದನಲ್ಲ! ಹಾಗಾದರೆ ಚಾಕು ಹಾಕಿದ್ದು ಯಾರು?

ಮದುವೆಯಾಗಿ, ಗೌರಿ ಬಸುರಿಯಾಗಿ ತವರಿಗೆ ಬಂದಳು. ಅವಳನ್ನು ನೋಡಲು ಬಂದ ಪಟೇಲರು ತಾವಾಗಿಯೇ ಮಾತು ತೆಗೆದರು. "ಆ ಪೆಟ್ಟಿಗೆ ನಮ್ಮೂರ್ಗೂ ಬಂದಿತ್ತು ಕಣವ್ವ. ಅದೇ ಪುಸ್ತಕ ಓದುಸ್ದೊ. ಏನೇಳನ! ಜಮೀನ್ದಾರ ಸತ್ತೋನು ಏಳ್ಲೇ ಇಲ್ಲ. ಎಲ್ಲಾ ತಪ್ಪು ತಪ್ಪಾಗಿ ಅಚ್ಚಾಕವ್ರೆ. ನಿಮ್ಮೂರಿನ ಪುಸ್ತಕ್ವೇ ವಾಸಿ."

ನಾನು ಸೆರಗು ಸರಿಮಾಡಿಕೊಂಡು, ತೀರಾ ಉದಾಸೀನವಾಗಿ, "ಹಾಗಾದರೆ ಆ ತಪ್ಪು ಪುಸ್ತಕದಲ್ಲಿ ಕೊಂದವನು ಯಾರಂತೆ?" ಎಂದೆ.

"ಬುಡ್ತು ಅನ್ನವ್ವ!" ಎಂದರು ಪಟೇಲರು. "ಮನೇಲಿ ಬಸ್ರಿ ಹೆಂಗ್ಸು ಅವ್ಳೆ, ಕೊಲೆ ಮಾತು ಆಡ್ಬೋದಾ?"

ಬುಡನ್ ಸಾಬರನ್ನು ಕೇಳಿ ಫಲವಿಲ್ಲ. ಜಮೀನುದಾರರು ಬದುಕಿದ್ದಾರೆಂದೇ ಅವರು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಗೌರಿಗೆ ಹೆರಿಗೆಯಾಯಿತು, ತೊಟ್ಟಿಲಾಯಿತು, ನಾಮಕರಣವಾಯಿತು. ಪಟೇಲರು ಬಂದಾಗಲೆಲ್ಲ ಮನೆಯಲ್ಲಿ ಏನಾದರೊಂದು ಶುಭ. ಈ ಮನೆಯಲ್ಲಿ ಕೊಲೆಯ ಮಾತೆತ್ತಲು ಒಂದು ಕೆಟ್ಟ ದಿನವೂ ಸಿಗುತ್ತಿಲ್ಲ. ಪುಸ್ತಕ ಓದುವವರ ಬಗ್ಗೆ ನನ್ನ ಅಭಿಪ್ರಾಯ ಕೂದಲೆಳೆಯಷ್ಟೂ ಬದಲಾಗಿಲ್ಲ. ಬಸ್ಸು ನಿಂತಾಗಲೆಲ್ಲ ನಾನು ಬಾಗಿಲಿಗೆ ಬಂದು ಅದರ ತಲೆಯ ಮೇಲೆ ನೋಡುವುದು ಸೌದೆ ಬಂತೇ ಎಂದು. ಹಸಿರು ಪೆಟ್ಟಿಗೆ ಬಂತೇ ಎಂದಲ್ಲ. ಅದೇನೇ ಇರಲಿ, ನಿಮ್ಮೂರಿಗೆ ಆ ಪೆಟ್ಟಿಗೆ ಬಂದು, ನೀವು ಓದಿ ಕೆಟ್ಟಿದ್ದರೆ, ಬಿಳಿಕೆರೆಯ ಮೇಷ್ಟರ ಮನೆಗೆ ಒಂದು ಕಾರ್ಡು ಹಾಕಿ. ನನಗಂತೂ ಜಮೀನುದಾರರ ತಮ್ಮನ ಮೇಲೆ ಗುಮಾನಿ; ಮಕ್ಕಳಿಲ್ಲದವರ ಆಸ್ತಿ ಅವನಿಗೇ ಅಲ್ಲವೇ? ಕಾರ್ಡನ್ನು ಅತ್ತೆಯವರು ಗಟ್ಟಿಯಾಗಿ ಓದಿಸಿ ಕೇಳುತ್ತಾರೆ. ಆದ್ದರಿಂದ ಕೊಂದವನ ಹೆಸರು ಬರೆದು ಅಲ್ಲಿಗೇ ನಿಲ್ಲಿಸಿಬಿಡಬೇಡಿ. ಅದರ ಕೆಳಗೆ ನಿಮ್ಮ ಮನೆಯಲ್ಲಿ ಯಾರದಾದರೂ ಒಂದು ಮದುವೆ ಮಾಡಿ ಮುಗಿಸಿ.